ಕುಡಿಯುವ ನೀರಿನ ಸಭೆಗೆ ಬಂದ ರುದ್ರಸ್ವಾಮಿ

ರುದ್ರಸ್ವಾಮಿ ಎಂಬುದು ಅವರ ನಿಜವಾದ ಹೆಸರಲ್ಲ. ನಿಜವಾದದ್ದನ್ನು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಬೇಕಾದವರು ಮೈಸೂರಿನ ಯಾವುದಾದರೂ ಅಂಗಡಿ ಬೋರ್ಡಿನ ಬಲಮೂಲೆ ನೋಡಿಕೊಳ್ಳಬಹುದು. ಬೋರ್ಡು ಬರೆದು ಬರೆದು ಆ ಹೆಸರನ್ನು ಊರ ತುಂಬ ಅಂಟಿಸಿದವರು ಅವರೇ.

ಬೋರ್ಡು ಬರೆಯುವವರಿಗೆ ಕೈ ನೆಟ್ಟಗಿರಬೇಕು. ರುದ್ರಸ್ವಾಮಿಯವರ ಕೈ ಒಂದು ಕ್ವಾರ್ಟರ್ ಬ್ರಾಂದಿ ಬೀಳುವ ತನಕ ನಡುಗುತ್ತಿತ್ತು, ಬಿದ್ದ ಮೇಲೆ ನೆಟ್ಟಗಾಗುತ್ತಿತ್ತು, ಇನ್ನೊಂದು ಬಿದ್ದರೆ ಕೈಯ ಜೊತೆ ಅವರೂ ಮಲಗಿಬಿಡುತ್ತಿದ್ದರು. ಒಮ್ಮೆ ಬೋಗಾದಿಯ ಬೇಕರಿಯೊಂದಕ್ಕೆ ಕ್ವಾರ್ಟರಿಗಿಂತ ಮುಂಚೆಯೇ ಬೋರ್ಡು ಬರೆದರು. ಅಕ್ಷರಗಳೆಲ್ಲ ಚಳಿಗೆ ಸಿಕ್ಕಂತೆ ನಡುಗುತ್ತಿದ್ದವು. ಇದು ಹೊಸ ನಮೂನೆ ಇರಬೇಕೆಂದುಕೊಂಡು ಪಕ್ಕದ ಐಸ್‌ಕ್ರೀಂ ಅಂಗಡಿಯವನು ತನಗೂ ಹಾಗೇ ಬೇಕೆಂದ.

ಹೆಂಡತಿ ಗಿರಿಜಾಂಬಾಗೆ ಮಾತ್ರ ಈ ನಮೂನೆ ಹಿಡಿಸಲಿಲ್ಲ. ತೊಂಬತ್ತೆಂಟರ ಬೇಸಿಗೆಯ ಒಂದು ಬೆಳಿಗ್ಗೆ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿ ಬಾಗಿಲ ಬಳಿ ಇಟ್ಟರು.

"ಪಕ್ಕದ್ಮನೆ ಅಂತೋಣಿಯಮ್ಮನ ತಮ್ಮ ಪೌಲ್, ಅದ್ಯಾವುದೋ ಮೀಟಿಂಗಿಗೆ ಹೋಗಿ ಕುಡಿಯೋದು ಬುಟ್ಬುಟ್ರಂತೆ. ಅದೆಲ್ಲಿದೆ ಅಂತ ಹುಡುಕ್ಕೊಂಡು ಹೋಗಿ. ಸೋಮವಾರದೊಳಗೆ ಹೋಗ್ಲಿಲ್ವೋ, ಲಾಸ್ಯನ್ನ ಕರ್ಕೊಂಡು ನಂಜನಗೂಡಿಗೆ ಹೊರಟೆ. ಈ ಸಲ ವಾಪಸ್ ಬರಲ್ಲ ಕಣ್ರೀ."

ಹಿಂದೆಯೂ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದುಂಟು. ಆದರೆ ಟ್ರಂಕು ಹೋಗಿರಲಿಲ್ಲ. ರುದ್ರಸ್ವಾಮಿ ಹೆದರಿದರು.

ತೊಂದರೆಯೇನೆಂದರೆ ಆ ಮೀಟಿಂಗಿಗೆ ಬೋರ್ಡಿಲ್ಲ. ಅಲ್ಲಿಗೆ ಹೋಗುವವರು ಹೊರಗೆ ಯಾರ ಹೆಸರನ್ನೂ ಹೇಳುವಂತಿಲ್ಲವಂತೆ. ಹೆಸರು ಹೇಳದಿದ್ದರೆ ಯಾರ ಅಳಿಯ ಎಂದು ಕೇಳಿ ವಂಶವೃಕ್ಷವನ್ನೇ ಬುಡಸಮೇತ ಕೀಳುವ ನಮ್ಮೂರಿನಲ್ಲಿ ಇದೊಂದು ಅದ್ಭುತ. ರುದ್ರಸ್ವಾಮಿ ಒಬ್ಬ ಆಟೋದವನನ್ನು ಕೇಳಿದರು. "ಕುಡಿಯೋರೆಲ್ಲ ಸೇರೋ ಜಾಗ ತಾನೇ? ಹತ್ತಿ ಸಾರ್" ಎಂದವನು ನೇರವಾಗಿ ಬಾರಿನ ಮುಂದೆ ಇಳಿಸಿದ. ಆ ಬಾರಿನ ಬೋರ್ಡು ಬರೆದವರೂ ಇವರೇ. ಅವತ್ತಿನ ಹುಡುಕಾಟ ಅಲ್ಲಿಗೇ ಮುಗಿಯಿತು.

ಕೊನೆಗೆ ಅಂತೋಣಿಯಮ್ಮ ಕನಿಕರಪಟ್ಟರು. "ಅವ್ನು ಬಾಯಿ ಬುಡಲ್ಲ ಕಣಣ್ಣ. ಭಾನುವಾರ ಸಂಜೆ ನಮ್ಮ ರಾಮಕೃಷ್ಣನಗರದಲ್ಲೇ ಮೀಟಿಂಗು ಅಂತಿದ್ದ. ಅದೇ ಇರ್ಬೇಕು."

ಅದಲ್ಲ. ಅದು ನಮ್ಮ ನಿವಾಸಿಗಳ ಸಂಘದ ಸಭೆ. ಬೇರೆ ಯಾರೂ ಒಪ್ಪದ್ದರಿಂದ ನಾನೇ ಅದರ ಕಾರ್ಯದರ್ಶಿ. "ಕುಡಿಯುವ ನೀರಿನ ಸಮಸ್ಯೆ ಇರುವವರು ದಯವಿಟ್ಟು ಬನ್ನಿ" ಎಂದು ಕರಿಹಲಗೆಯ ಮೇಲೆ ಬರೆದು, ಗೇಟಿಗೆ ಒರಗಿಸಿ, ಅದರ ಮುಂದೆ ನನ್ನ ಸ್ಕೂಟರನ್ನು ನಿಲ್ಲಿಸಿದ್ದೆ. ಸ್ಕೂಟರಿನ ಮೂತಿ 'ನೀರಿನ' ಎಂಬ ಪದಕ್ಕೆ ಸರಿಯಾಗಿ ಅಡ್ಡ ಬಂದಿತ್ತು.

ಅಧ್ಯಕ್ಷರು ವೃಷಭೇಂದ್ರಪ್ಪ, ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರು. ಅವರ ಮನೆಯ ನಲ್ಲಿಯಲ್ಲೂ ಗಾಳಿಯೇ ಬರುತ್ತಿತ್ತು.

"ಹೊಸಬರು ಬಂದಿದೀರಿ. ನಿಮ್ಮ ಸಮಸ್ಯೆ ಹೇಳಿ" ಎಂದರು.

ರುದ್ರಸ್ವಾಮಿ ಎದ್ದು ಕೈಮುಗಿದರು. "ನಂಗೆ ಕುಡಿಯೋದೇ ಸಮಸ್ಯೆ ಸಾರ್."

"ಎಲ್ಲರಿಗೂ ಅದೇ ಅಲ್ವೇನ್ರೀ. ಎಷ್ಟು ದಿನದಿಂದ?"

"ಲಗ್ನ ಆದಾಗಿಂದ."

"ಬರ್ಕೊಳ್ರೀ" ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. ಬರೆದುಕೊಂಡೆ. "ದಿನಾ ಎಷ್ಟು ಹೊತ್ತಿಗೆ?"

"ಮುಂಚೆ ಸಂಜೆ ಮಾತ್ರ. ಈಗೀಗ ಬೆಳಿಗ್ಗೆನೂ."

"ಎರಡು ಹೊತ್ತೂನಾ?" ಎಂದರು ಎದುರು ಮನೆಯ ಹೇಮಶ್ರೀ, ಹೊಟ್ಟೆಯುರಿಯಿಂದ. "ಯಾರ್ರೀ ಬಿಡೋರು ನಿಮ್ಗೆ?"

"ಬಿಡೋಕಾಗ್ದೆನೇ ಅಲ್ವೇನಮ್ಮ ಇಲ್ಲಿಗೆ ಬಂದಿರೋದು. ನಾಳೆಯೊಳಗೆ ದಾರಿ ಕಾಣ್ಲಿಲ್ಲ ಅಂದ್ರೆ ಹೆಂಡ್ತಿ ಮನೆ ಬಿಟ್ಟು ಹೋಗ್ತಾಳೆ."

"ನಾನೂ ನಮ್ಮನೆಯವ್ರಿಗೆ ಹಂಗೇ ಹೇಳಿದೀನಿ ಬಿಡಿ."

"ದಿನಕ್ಕೆಷ್ಟು ಬೇಕು? ನಾಲ್ಕು ಬಿಂದಿಗೆ?" ಎಂದರು ಅಧ್ಯಕ್ಷರು.

ರುದ್ರಸ್ವಾಮಿ ಗಾಬರಿಯಾದರು. "ಅಯ್ಯೋ, ಅಷ್ಟಿಲ್ಲ ಸಾರ್. ಮೂರು ಕ್ವಾರ್ಟರ್."

ನನ್ನ ಪೆನ್ನು ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ವೃಷಭೇಂದ್ರಪ್ಪನವರು ಕನ್ನಡಕ ತೆಗೆದು, "ಇದು ಮರ್ಯಾದಸ್ಥರು ಸೇರೋ ಸಭೆ ಕಣ್ರೀ. ನೀರಿನ ಸಭೆ" ಎಂದರು.

ರುದ್ರಸ್ವಾಮಿಯವರ ಮುಖ ಸುಣ್ಣದಂತಾಯಿತು. "ತಪ್ಪಾಯ್ತು" ಎಂದು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಲು ನೋಡಿದರು. ಕಾಲು ಪಟ್ಟಿಯೊಳಗೆ ಹೋಗಲಿಲ್ಲ. ಕೈಯಿಂದ ಸರಿಮಾಡಲು ಬಗ್ಗಿದರೆ ಕೈ ಇನ್ನೂ ನಡುಗುತ್ತಿತ್ತು. ಅಲ್ಲಿಂದ ಅವರು ಸೀದಾ ಎಲ್ಲಿಗೆ ಹೋಗುತ್ತಾರೆಂದು ನನ್ನಂಥ ದಡ್ಡನಿಗೂ ಗೊತ್ತಾಯಿತು.

ಆಗ ಕೊನೆಯ ಸಾಲಿನಿಂದ ಒಬ್ಬರು ಎದ್ದರು. ಯಾರ ಮನೆ ಸಮಾರಂಭದಲ್ಲೂ ನಿಂಬೆಹಣ್ಣಿನ ಶರಬತ್ತು ಬಿಟ್ಟು ಬೇರೇನೂ ಮುಟ್ಟದವರು. ಅದೇನೋ ಚರ್ಚಿನ ಹರಕೆ ಎಂದುಕೊಂಡಿದ್ದೆವು.

"ನಿಲ್ಲಿ ಸ್ವಾಮಿ. ನಾನು ಪೌಲ್, ಅಂತೋಣಿಯಮ್ಮನ ತಮ್ಮ. ನಂಗೂ ಕುಡಿಯೋದೇ ಸಮಸ್ಯೆ, ನೀರಿಂದಲ್ಲ. ನೀವು ಹುಡುಕ್ತಿರೋ ಮೀಟಿಂಗು ಬನ್ನಿಮಂಟಪದ ಹತ್ರ. ಇವತ್ತೇ ಇದೆ. ನಡೀರಿ, ಗಾಡಿ ಇದೆ."

ಅಷ್ಟು ವರ್ಷ ಮೀಟಿಂಗಿನ ಜಾಗವನ್ನು ಅಕ್ಕನ ಹತ್ತಿರವೂ ಬಾಯಿ ಬಿಡದಿದ್ದ ಮನುಷ್ಯ ಇಡೀ ಬಡಾವಣೆಯೆದುರು ಇಷ್ಟನ್ನು ಹೇಳಿ, ರುದ್ರಸ್ವಾಮಿಯವರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟುಹೋದರು.

ಆಮೇಲೆ ನೀರಿನ ಮಾತು ಯಾರಿಗೂ ಬೇಕಾಗಲಿಲ್ಲ. ಹೊರಡುವಾಗ ವೃಷಭೇಂದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ಬನ್ನಿಮಂಟಪದಲ್ಲಿ ಎಲ್ಲಿ ಅಂತ ಪೌಲ್‌ನ ಕೇಳಿ ಇಟ್ಕೊಳ್ರೀ. ನಮ್ಮ ಭಾವಮೈದ ಒಬ್ಬ ಇದಾನೆ." ಆ ವಾರ ಇನ್ನೂ ಕೆಲವರು ಕೇಳಿದರು, ಎಲ್ಲರೂ ಭಾವಮೈದನಿಗಾಗಿ. ನಮ್ಮ ಬಡಾವಣೆಗೆ ಹೆಣ್ಣು ಕೊಟ್ಟ ಮನೆಗಳೆಲ್ಲ ಹೀಗೆ ಎಂದು ನನಗೆ ತಿಳಿದಿರಲಿಲ್ಲ. ನಾನೂ ಪೌಲರನ್ನು ಕೇಳಿದೆ, ಲೇಖನ ಬರೆಯುವುದಕ್ಕೆ ಎಂದು. "ಬನ್ನಿ ಸಾರ್, ನಿಮ್ಮ ಭಾವಮೈದನ್ನೂ ಕರ್ಕೊಂಬನ್ನಿ" ಎಂದರು.

ಸೋಮವಾರ ಟ್ರಂಕು ನಂಜನಗೂಡಿಗೆ ಹೋಗಲಿಲ್ಲ. ಬಾಗಿಲಿಂದ ಮಂಚದ ಕೆಳಕ್ಕೆ ಹೋಯಿತು. ಗಂಡ ಮೀಟಿಂಗಿಗೆ ಹೋಗಿಬಂದ ವಾರ ಗಿರಿಜಾಂಬಾ ಒಂದು ಸೀರೆ ಹೊರಗೆ ತೆಗೆಯುತ್ತಿದ್ದರು. ಆಷಾಢದಲ್ಲಿ ಗಂಡ ಮತ್ತೆ ಕುಡಿತಕ್ಕೆ ಜಾರಿಬಿದ್ದಾಗ ತೆಗೆದವೆಲ್ಲ ಮತ್ತೆ ಒಳಗೆ ಹೋದವು. ದೀಪಾವಳಿಗೆ ಟ್ರಂಕಿನಲ್ಲಿ ಧಾರೆ ಸೀರೆಯೊಂದೇ ಉಳಿದಿತ್ತು. "ಅದೊಂದು ಅಲ್ಲೇ ಇರ್ಲಿ ಅಂತಾಳೆ ಸಾರ್" ಎಂದರು ರುದ್ರಸ್ವಾಮಿ.

ಮುಂದಿನ ಬೇಸಿಗೆಗೆ ಸಂಘಕ್ಕೊಂದು ತಗಡಿನ ಬೋರ್ಡನ್ನು ಅವರಿಂದಲೇ ಬರೆಸಿದೆವು. ಬೆಳಿಗ್ಗೆಯೇ ಬಂದು ಬರೆದರು. ಯಾವ ಅಕ್ಷರಕ್ಕೂ ಚಳಿಯಿರಲಿಲ್ಲ. ಆದರೆ 'ಕುಡಿಯುವ', 'ಸಮಸ್ಯೆ' ಎರಡೂ ಗೇಣುದ್ದ, ನಡುವೆ 'ನೀರಿನ' ಕಿರುಬೆರಳಷ್ಟು.

"ಇದೇನ್ರೀ, ದೂರದಿಂದ ಕಾಣೋದೇ ಇಲ್ವಲ್ಲ" ಎಂದೆ.

ರುದ್ರಸ್ವಾಮಿ ಕುಂಚ ಒರೆಸಿಕೊಳ್ಳುತ್ತ, "ಇರ್ಲಿ ಬುಡಿ ಸಾರ್" ಎಂದರು. "ಯಾರಾದ್ರೂ ತಪ್ಪಿ ಬರ್ಲಿ."