ವಿಮಾನಗಳಿಗಾಗಿ ಹೂಳಿದ ಹೊಲಸು

ಕೃಷ್ಣೆಯ ಹಿನ್ನೀರಿನ ಮೇಲೆ ವಾಯುಪಡೆಯ ವಿಮಾನಗಳ ಕಸರತ್ತು ನಡೆಯುತ್ತದೆ ಎಂಬ ಸುದ್ದಿ ಬಂದಾಗ ನಾನು ಕೊಲ್ಹಾರದ ಸೇತುವೆಯಿಂದ ಸ್ವಲ್ಪ ದೂರದ ಒಂದು ಪಟ್ಟಣದಲ್ಲಿ ಕಿರಿಯ ಆರೋಗ್ಯ ನಿರೀಕ್ಷಕಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಕಸದ್ದು. ಇಂಡಿಯಿಂದ ಅವ್ವ ಫೋನ್ ಮಾಡಿ, "ನಿನಗ ಮುಂದಿನ ಕುರ್ಚಿನ ಸಿಗ್ತೈತಿ ಬಿಡವಾ," ಎಂದು ಹಿಗ್ಗಿದಳು.

ಪ್ರದರ್ಶನಕ್ಕೆ ವಾರ ಮೊದಲು ವಿಮಾನ ಹಾರಿಸುವ ತಂಡದ ಅಧಿಕಾರಿಯೊಬ್ಬರು ಜಾಗ ನೋಡಲು ಬಂದರು. ಇನ್ನೂ ಚಿಕ್ಕ ವಯಸ್ಸು, ಮೈಸೂರು ಕಡೆಯ ಕನ್ನಡ. ನನ್ನ ಮೇಲಧಿಕಾರಿ ವೇದಿಕೆ ಎಲ್ಲಿ, ಗಣ್ಯರ ಶಾಮಿಯಾನ ಎಲ್ಲಿ ಎಂದು ಕೈ ಮಾಡಿ ತೋರಿಸುತ್ತಿದ್ದರೆ ಅವರು ಆಕಾಶದ ಒಂದು ಮೂಲೆಯನ್ನೇ ನೋಡುತ್ತಿದ್ದರು. ಅಲ್ಲಿ ಹದ್ದುಗಳ ದೊಡ್ಡ ಹಿಂಡು ಸುತ್ತುತ್ತಿತ್ತು.

"ಅದರ ಕೆಳಗೆ ಏನಿದೆ?"

"ಏನಿಲ್ರಿ ಸರ್, ಬಯಲು ಜಾಗಾರಿ," ಎಂದರು ಮೇಲಧಿಕಾರಿ.

ನನಗೆ ತಡೆಯಲಾಗಲಿಲ್ಲ. "ಕಸ ಹಾಕೂ ಜಾಗ ಐತ್ರಿ. ಕೋಳಿ ಅಂಗಡಿ ಹೊಲಸು, ಸತ್ತ ದನಾ, ಎಲ್ಲಾ ಅಲ್ಲೇ ಒಗೀತಾರ್ರಿ."

ಅವರು ಅಲ್ಲಿಗೇ ನಡೆದರು. ಮೇಲಧಿಕಾರಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಜೀಪಿನಲ್ಲೇ ಉಳಿದರು. ಉಬ್ಬಿದ ಎಮ್ಮೆಯೊಂದರ ಪಕ್ಕ ನಿಂತು ಆ ಅಧಿಕಾರಿ ಫೋನಿನಲ್ಲಿ ತಮ್ಮ ವಿಮಾನದ ಚಿತ್ರ ತೋರಿಸಿದರು. ಕೆಂಪು ಬಿಳಿ ಬಣ್ಣದ ಪುಟ್ಟ ಜೆಟ್. ಪೈಲಟ್ ಕೂಡುವ ಜಾಗದ ಎರಡೂ ಮಗ್ಗುಲಿಗೆ ಗಾಳಿ ಒಳಗೆಳೆಯುವ ಬಾಯಿ.

"ಇದಕ್ಕೆ ಇರೋದು ಒಂದೇ ಇಂಜಿನ್, ಮೇಡಂ. ಹದ್ದು ಇಲ್ಲಿ ಒಳಗೆ ಹೋದರೆ ಅದು ನಿಂತೇ ಹೋಗಬಹುದು. ಒಂಬತ್ತು ವಿಮಾನ ಒಂದಕ್ಕೊಂದು ಅಂಟಿಕೊಂಡ ಹಾಗೆ ಹಾರ್ತೀವಿ. ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ, ಯೋಚನೆ ಮಾಡೋಕೆ ಟೈಮ್ ಇರಲ್ಲ."

ಅವರು ಹೋದ ಮೇಲೆ ಮೇಲಧಿಕಾರಿಯ ಆದೇಶ ಬಂತು. "ಮ್ಯಾಲ ಹಸಿರು ಬಲಿ ಹೊಚ್ಚರಿ. ರಸ್ತೆ ಕಡೆ ಒಂದು ಫ್ಲೆಕ್ಸ್ ಹಚ್ಚರಿ. ಯಾರಿಗೆ ಕಾಣತೈತಿ?"

"ಹದ್ದಿಗೆ ಕಾಣತೈತ್ರಿ ಸರ್."

"ಹೇಳಿದಷ್ಟು ಮಾಡ್ರಿ."

ಫ್ಲೆಕ್ಸ್ ಬಂತು. ಅದೇ ಒಂಬತ್ತು ವಿಮಾನಗಳು, ಅವುಗಳಿಗಿಂತ ದೊಡ್ಡದಾಗಿ ಗಣ್ಯರ ನಗುಮುಖಗಳು, ಅದರ ಹಿಂದೆ ಕೊಳೆಯುತ್ತಿರುವ ಎಮ್ಮೆ. ಅದನ್ನು ಕಟ್ಟಿಸಿದವಳು ನಾನೇ. ಇಂದಿಗೂ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ತಾಲೀಮಿನ ದಿನ ವಿಮಾನಗಳು ಬಂದವು. ಕಸದ ಮೇಲೆ ಹೊದಿಸಿದ್ದ ಹಸಿರು ಬಲೆಯನ್ನು ನಾಯಿಗಳು ಆಗಲೇ ಹರಿದಿದ್ದವು. ಹದ್ದುಗಳು ಎಂದಿನಂತೆ ಮೇಲೇರಿದ್ದವು. ಎರಡು ಸುತ್ತು ಹಾಕಿ, ಒಂಬತ್ತೂ ಹೊಗೆ ಬಿಡದೆ ಬಂದ ದಿಕ್ಕಿಗೆ ಹೋಗಿಬಿಟ್ಟವು. ಸ್ವಲ್ಪ ಹೊತ್ತಿಗೆ, ಹದ್ದುಗಳಿರುವವರೆಗೆ ಹಾರುವುದಿಲ್ಲ ಎಂದು ಮೇಲಧಿಕಾರಿಗೆ ಫೋನ್ ಬಂತು. ಅವರು ಎಲ್ಲರೆದುರು ನನ್ನತ್ತ ಬೆರಳು ತೋರಿಸಿದರು. "ಈ ಮೇಡಂಗ ಎಷ್ಟು ಸಲ ಹೇಳೇನಿ, ಸ್ವಚ್ಛ ಮಾಡಸ್ರಿ ಅಂತ!"

ಮುಂದಿನ ಎರಡು ದಿನ ಒಂದು ಜೆಸಿಬಿ, ನಾಲ್ವರು ಪೌರಕಾರ್ಮಿಕರು ಮತ್ತು ನಾನು. ಜೆಸಿಬಿ ತೋಡಿದ ಗುಂಡಿಗೆ ದನಗಳನ್ನು ನೂಕಿತು. ಕೋಳಿಯ ಕರುಳು, ಪುಕ್ಕ, ಕಾಲುಗಳ ಚೀಲಗಳನ್ನು ಮಾತ್ರ ಕೈಯಿಂದಲೇ ಎತ್ತಬೇಕಾಗಿತ್ತು. ಚೀಲ ಒಡೆದು ಹುಳ ಮೊಣಕೈವರೆಗೆ ಹರಿಯುತ್ತಿದ್ದವು. ಕೈಗವಸು ಕೇಳಿದ್ದಕ್ಕೆ ಹೋಟೆಲಿನಲ್ಲಿ ಬಡಿಸುವವರು ಹಾಕಿಕೊಳ್ಳುವಂಥ ತೆಳ್ಳನೆಯ ಪ್ಲಾಸ್ಟಿಕ್ ಗವಸು ಕಳಿಸಿದರು. ನಾನು ಮೂರು ಸಲ ವಾಂತಿ ಮಾಡಿಕೊಂಡೆ. ನಾಲ್ವರಲ್ಲಿ ಹಿರಿಯಳಾದ ಹೆಂಗಸು ಸೆರಗಿನಿಂದ ನನ್ನ ಮುಖ ಒರೆಸಲು ಬಂದು, ತನ್ನ ಸೆರಗು ನೋಡಿಕೊಂಡು ಹಿಂದೆ ಸರಿದಳು.

ಪ್ರದರ್ಶನದ ದಿನ ನಮಗೆ ಕುರ್ಚಿ ಇರಲಿಲ್ಲ. ಉಳಿದ ಹದ್ದುಗಳನ್ನು ಓಡಿಸಲು ಪಟಾಕಿ ಹಾರಿಸುತ್ತ ಅಲ್ಲೇ ನಿಂತಿದ್ದೆವು. ವಿಮಾನಗಳು ನೀರಿಗೆ ತಾಗುವಷ್ಟು ಕೆಳಗೆ ಬಂದು ನಮ್ಮ ನೆತ್ತಿಯ ಮೇಲೆ ಹಾದಾಗ ಎದೆ ಗದಗುಟ್ಟಿತು. ಒಂಬತ್ತೂ ಒಟ್ಟಿಗೆ ಹೊರಳಿದವು. ಕೇಸರಿ, ಬಿಳಿ, ಹಸಿರು ಹೊಗೆ ಹರಡಿತು. ಚೆಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ಒಳಗಿರುವವರು ಜೀವ ಒತ್ತೆಯಿಟ್ಟು ಹಾರಿಸುತ್ತಿದ್ದಾರೆಂದೂ ಗೊತ್ತಿತ್ತು.

ಆ ಹೆಂಗಸು ತಲೆಯೆತ್ತಿ ನೋಡುತ್ತಲೇ, ಬಯಲಿನಂಚಿನ ಗೋಡೆಯತ್ತ ಕೈ ಮಾಡಿ ಕೇಳಿದಳು: "ಮೇಡಂ, ಆ ಇಮಾನ ಒಂದ ತಾಸು ಬರ್ತಾವಂತ ಇಷ್ಟೆಲ್ಲಾ ಸ್ವಚ್ಛ ಮಾಡಿದ್ರಿ. ನಮ್ಮ ಮನಿ ಆ ಗ್ವಾಡಿ ಆಚಿ ಕಡೆನ ಐತಿ. ಹನ್ನೆರಡ ವರ್ಷ ಆತು, ನಾವ್ ಯಾರಿಗೂ ಕಾಣಲಿಲ್ಲೇನ್ರಿ?"

ನಾನು ಇನ್ನೊಂದು ಪಟಾಕಿಗೆ ಕಡ್ಡಿ ಗೀರಿದೆ. ಅತ್ತ ಧ್ವನಿವರ್ಧಕದಲ್ಲಿ ಮೇಲಧಿಕಾರಿಯ ಸ್ವಚ್ಛತಾ ಕಾಳಜಿಯನ್ನು ಹೊಗಳಿ ಶಾಲು ಹೊದಿಸುತ್ತಿದ್ದರು. ನಮಗೂ ರೊಟ್ಟಿ, ಗಡಿಗೆ ಮೊಸರು ಕಳಿಸಿದ್ದರು. ಅವರು ನಾಲ್ವರೂ ಉಂಡರು. ನನ್ನಿಂದಾಗಲಿಲ್ಲ, ಎಷ್ಟು ತೊಳೆದರೂ ಕೈ ನಾರುತ್ತಿತ್ತು.

ಪ್ರದರ್ಶನ ಮುಗಿದ ನಾಲ್ಕನೆಯ ದಿನ ಕೋಳಿ ಅಂಗಡಿಗಳ ಟೆಂಪೋ ಹೊಲಸು ತುಂಬಿಕೊಂಡು ಮತ್ತೆ ಬಂತು. ನಾನು ಅಡ್ಡ ನಿಂತೆ.

"ಸಾಹೇಬ್ರು ಹೂಂ ಅಂದಾರ್ರಿ," ಎಂದ ಚಾಲಕ. "ಇಮಾನ ಹ್ವಾದ್ವಲ್ರಿ ಇನ್ನ."

ಟೆಂಪೋ ವಾಪಸ್ ಕಳಿಸಿ, ಫೋಟೋ ಸಮೇತ ಮೇಲಿನ ಕಚೇರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಎರಡು ತಿಂಗಳಿಗೆ ಮುದ್ದೇಬಿಹಾಳದ ಕಡೆಗೆ ನನ್ನ ವರ್ಗಾವಣೆ ಬಂತು. ಹೊರಡುವ ದಿನ ಆ ಹೆಂಗಸಿನ ಮನೆಗೆ ಹೋದೆ. ಅವಳು ಚಹಾ ಕೊಟ್ಟು, ನೊಣ ಬೀಳದಂತೆ ಬಟ್ಟಲ ಮೇಲೆ ಅಂಗೈ ಹಿಡಿದು, ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದಳು.