ನಮ್ಮ ಯಜಮಾನರ ಬೇಸ್‌ಬಾಲ್ ಬ್ಯಾಟು

ನಮ್ಮ ಯಜಮಾನರು ಮುಕುಂದ ಅವರು ಮೈಸೂರಿನಲ್ಲಿ ಕಾಲೇಜು ಕ್ರಿಕೆಟ್ ತಂಡದ ಆರಂಭಿಕ ಬ್ಯಾಟ್ಸ್‌ಮನ್ ಆಗಿದ್ದವರು. ಈ ಮಾತನ್ನು ಮದುವೆಯಾದ ಹತ್ತು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ೧೯೯೯ರಲ್ಲಿ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಇಸವಿ ತಿದ್ದಲು ಕಂಪನಿಯವರು ಇವರನ್ನು ಟೋಕಿಯೋಗೆ ಕಳಿಸಿದಾಗ ನಾನೂ ಅಲ್ಲಿನ ನಿಶಿ ಕಸಾಯಿ ಬಡಾವಣೆಗೆ ಬಂದೆ. ಆಫೀಸಿನ ಭಾನುವಾರದ ಬೇಸ್‌ಬಾಲ್ ತಂಡಕ್ಕೆ ಇವರು ತಾವಾಗಿಯೇ ಹೆಸರು ಕೊಟ್ಟರು. "ಅದೂ ಚೆಂಡು, ಇದೂ ಚೆಂಡು. ಏನ್ ಮಹಾ ಡಿಫರೆನ್ಸು?" ಎಂದರು.

ಏಳು ಪಂದ್ಯ ಮುಗಿದರೂ ಒಂದು ಹಿಟ್ ಇಲ್ಲ. ಹಿಟ್ ಅಂದರೆ ಚೆಂಡು ಹೊಡೆದು, ಅದು ವಾಪಸು ಬರುವ ಮುಂಚೆ ಓಡಿ ಮೊದಲ ಬೇಸ್ ಸೇರುವುದು. ಎಡ ಮೊಣಕೈ ಎತ್ತಿ, ಬ್ಯಾಟನ್ನು ನೆಟ್ಟಗೆ ಇಳಿಸಿ, ಚೆಂಡಿಗೆ ಮರ್ಯಾದೆ ಕೊಡುತ್ತಿದ್ದರು. ಎದೆಯೆತ್ತರಕ್ಕೆ ಬಂದ ಚೆಂಡು ಅಷ್ಟೇ ಮರ್ಯಾದೆಯಿಂದ ಹಿಂದಕ್ಕೆ ಹೋಗುತ್ತಿತ್ತು.

ತಂಡದ ಕ್ಯಾಪ್ಟನ್ ಸವಾದಾ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದಂತೆ) ಇವರ ಮ್ಯಾನೇಜರೂ ಹೌದು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಪ್ರತಿ ಶನಿವಾರ ಅರಾಕಾವಾ ನದಿಯ ದಂಡೆಯಲ್ಲಿ ಇವರಿಂದ ನೂರು ಸಲ ಬರಿಗಾಳಿಗೆ ಬ್ಯಾಟು ಬೀಸಿಸುತ್ತಿದ್ದರು. ಭಾರ ಹಿಂಗಾಲಿನ ಮೇಲಿರಬೇಕು, ಮುಂಗಾಲು ಒಂದು ಗೇಣು ಮುಂದಿಡಬೇಕು, ಸೊಂಟ ಮೊದಲು ತಿರುಗಬೇಕು, ಕೈ ಬರುವುದು ಕೊನೆಗೆ. ಹೊಗಳಿಕೆಯಿಲ್ಲ, ಬೈಗುಳವೂ ಇಲ್ಲ. ಇನ್ನೊಂದು ಸಲ ಎನ್ನಲು "ಮೋ ಇಕ್ಕಾಯ್" ಎನ್ನುವರು, ಅಷ್ಟೇ. ಅವರಿಗೆ ಡಿಸೆಂಬರಿನಲ್ಲಿ ಒಸಾಕಾಗೆ ವರ್ಗವಾಗುವುದಿತ್ತು. ಅಷ್ಟರೊಳಗೆ ಒಂದೇ ಒಂದು ಹಿಟ್ ಹೊಡೆದು ತೋರಿಸಬೇಕೆಂದು ಇವರ ಹಟ. ಊಟಕ್ಕೆ ಕೂತರೂ ಅದೇ ಧ್ಯಾನ.

ಕೊನೆಗೆ ನನಗೇ ತಲೆ ಕೆಟ್ಟಿತು. "ರೀ, ಊರಲ್ಲಿ ಬೆಳಗ್ಗೆ ಅಂಗಳಕ್ಕೆ ಬಕೆಟ್ ನೀರು ಎರಚಲ್ವಾ, ಹಾಗೆ ಬೀಸಿ. ಬರೀ ಕೈಯಲ್ಲಿ ಎರಚಿದ್ರೆ ಕಾಲ ಮೇಲೇ ಬೀಳತ್ತೆ. ಸೊಂಟ ತಿರುಗಿಸಿದ್ರೆ ಗೇಟ್ ತನಕ ಹೋಗತ್ತೆ."

"ನೀನ್ಯಾವಾಗ ಕೋಚ್ ಆದೆ?" ಎಂದರು. ಆದರೂ ಬಾಲ್ಕನಿಗೆ ಹೋಗಿ ಬೀಸಿ ನೋಡಿದರು.

ಸವಾದಾ ಸಾನ್ ಅವರ ಕೊನೆಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಇವರ ಕೊನೆಯ ಸರದಿಯಲ್ಲಿ, ಆ ವರ್ಷದಲ್ಲೇ ಮೊದಲ ಬಾರಿಗೆ ಸೊಂಟ ಮೊದಲು ತಿರುಗಿತು. ಬ್ಯಾಟು ಟಣ್ಣೆಂದಿತು. ಚೆಂಡು ಎಡಗಡೆಗೆ ನೆಲ ಕಚ್ಚಿಕೊಂಡು ದೂರ ಓಡಿತು. ನಾನು ಎದ್ದು ನಿಂತು ಕಿರುಚಿದೆ. ಇವರೂ ಓಡಿದರು, ಬ್ಯಾಟು ಹಿಡಿದುಕೊಂಡೇ! ಬಿಸಾಡು ಎಂದು ಇಡೀ ತಂಡ ಕೂಗುತ್ತಿತ್ತು. ಇವರು ಬೇಸಿಗೆ ಒಂದು ಮಾರು ದೂರವಿರುವಾಗಲೇ, ಕ್ರಿಕೆಟ್ಟಿನಲ್ಲಿ ರನ್ ಪೂರೈಸುವಂತೆ ಬಗ್ಗಿ, ಬ್ಯಾಟಿನ ತುದಿಯನ್ನು ಬೇಸಿಗೆ ಮುಟ್ಟಿಸಿ, ಹೆಮ್ಮೆಯಿಂದ ಅಲ್ಲೇ ನಿಂತುಬಿಟ್ಟರು. ಬೇಸ್‌ಬಾಲಿನಲ್ಲಿ ಬೇಸನ್ನು ಕಾಲೇ ತುಳಿಯಬೇಕು. ಅಷ್ಟರಲ್ಲಿ ಚೆಂಡು ಬೇಸ್ ಕಾಯುವವನ ಕೈ ಸೇರಿತು. ಔಟ್.

ಯಾರೂ ನಗಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ಸವಾದಾ ಸಾನ್ ನಡೆದು ಬಂದು, ಇವರ ಕೈಯಿಂದ ಬ್ಯಾಟನ್ನು ಮೆಲ್ಲಗೆ ತೆಗೆದುಕೊಂಡು, ತಲೆಬಾಗಿ "ನೈಸ್ ಸ್ವಿಂಗ್" ಎಂದರು. ಎಂಟು ತಿಂಗಳಲ್ಲಿ ಅದೇ ಮೊದಲ ಹೊಗಳಿಕೆ. ಇವರ ಕಣ್ಣು ತುಂಬಿತು, ನನ್ನದೂ.

ಸ್ಕೋರ್ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಸೊನ್ನೆಯೇ ಉಳಿಯಿತು. ಸವಾದಾ ಸಾನ್ ಒಸಾಕಾಗೆ ಹೋದರು. ಈಗಲೂ ಶನಿವಾರ ನದಿಯ ದಂಡೆಯಲ್ಲಿ ಇವರು ನೂರು ಸಲ ಬೀಸುತ್ತಾರೆ. ನೂರೊಂದನೆಯ ಸಲ ಬ್ಯಾಟು ಬಿಸಾಡಿ ಓಡಿಬಂದು, ನಾನು ಬೇಸ್ ಅಂತ ಹುಲ್ಲಿನ ಮೇಲಿಟ್ಟ ಚಪ್ಪಲಿಯನ್ನು ತುಳಿಯಬೇಕು. ತುಳಿದ ಮೇಲೆ ನಾನು "ಮೋ ಇಕ್ಕಾಯ್" ಅನ್ನುತ್ತೇನೆ.