ನೋ ಫಾಲ್ಟ್ ಫೌಂಡ್: ಕೋಪರಖೈರಣೆಯ ಒಂದು ವೈಫೈ ದೂರು

ಲಾಕ್‌ಡೌನ್ ಮುಗಿದು ಎರಡನೆಯ ದಸರೆ. ಮುಂಬಯಿ ಪಕ್ಕದ ಕಲ್ಯಾಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು, ಫಾಲ್ಟ್ ಕಂಟ್ರೋಲ್ ವಿಭಾಗದ ಇಂಜಿನಿಯರಾಗಿ ನಾನು ನಿವೃತ್ತಳಾಗಿ ಆಗಲೇ ಏಳು ವರ್ಷವಾಗಿತ್ತು. ಡೊಂಬಿವಲಿಯಲ್ಲಿ ಮನೆ. ಪರಿಚಯದವರ ಮನೆಗಳಲ್ಲಿ ವೈಫೈ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂದು ನೋಡಿಕೊಡುವುದು ನನ್ನ ರಿಟೈರ್‌ಮೆಂಟಿನ ಉದ್ಯೋಗ. ಬೇಸರ ಕಳೆಯುತ್ತಿತ್ತು ಎನ್ನುವುದು ನಿಜ. ನನ್ನನ್ನು ಇನ್ನೂ ಯಾರೋ ‘ಎಕ್ಸ್‌ಪರ್ಟ್’ ಎನ್ನುತ್ತಾರೆ ಎಂಬ ಜಂಬವೂ ಇತ್ತು.

ಗೆಳತಿ ಜಯಂತಿ ಫೋನ್ ಮಾಡಿದಳು. ಉಡುಪಿ ಕಡೆಯವಳು, ಕೋಪರಖೈರಣೆಯಲ್ಲಿ ನೆಲಮಹಡಿ ಸೇರಿ ಮೂರು ಅಂತಸ್ತಿನ ರೋ ಹೌಸ್. ಅಗಲ ಕಡಿಮೆ, ಎತ್ತರ ಜಾಸ್ತಿ. ಎರಡೂ ಪಕ್ಕಕ್ಕೆ ಬೇರೆಯವರ ಗೋಡೆ. ನಡುವಿನ ಮೆಟ್ಟಿಲಿಗೆ ಹಗಲಲ್ಲೂ ಬೆಳಕಿಲ್ಲ. ಮಗ ವಿದೇಶದಲ್ಲಿ ಕೆಲಸದಲ್ಲಿದ್ದ. ಸೊಸೆ ನಮ್ರತಾ ಮೈಸೂರಿನ ಹುಡುಗಿ, ಫೈನಾನ್ಸ್ ಕಂಪನಿಯ ಕೆಲಸವನ್ನು ಮೇಲಿನ ಕೋಣೆಯಿಂದಲೇ ಮಾಡುತ್ತಿದ್ದಳು.

“ದಿನಾ ನೆಟ್ ಹೋಯಿತು, ನೆಟ್ ಹೋಯಿತು ಅಂತ ಅವಳದ್ದೊಂದು ಕತೆ ಮಾರಾಯ್ತಿ. ನಮಗೆ ಕೆಳಗೆ ಎಂತದ್ದೂ ಹೋಗುವುದಿಲ್ಲ. ಒಮ್ಮೆ ಬಂದು ನೋಡಿ ಹೋಗು,” ಎಂದಳು ಜಯಂತಿ.

ಹೋದೆ. ರೌಟರ್ ಕೆಳಗಿನ ಹಾಲಿನಲ್ಲಿತ್ತು. ಕಾಂಕ್ರೀಟ್ ಸ್ಲ್ಯಾಬ್ ಸಿಗ್ನಲ್ಲನ್ನು ನುಂಗುತ್ತದೆ, ಎರಡು ಸ್ಲ್ಯಾಬ್ ದಾಟುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕಾಗಿಯೇ ಇನ್‌ಸ್ಟಾಲರ್ ಮೆಟ್ಟಿಲ ನಡುವಿನ ಲ್ಯಾಂಡಿಂಗಿನಲ್ಲಿ, ಎತ್ತರದ ಹಲಗೆಯ ಮೇಲೆ, ಇನ್ನೊಂದು ಪೆಟ್ಟಿಗೆ ಕೂರಿಸಿದ್ದ. ಇದಕ್ಕೆ ಮೆಶ್ ನೋಡ್ ಎನ್ನುತ್ತಾರೆ. ಕೆಳಗಿನ ಸಿಗ್ನಲ್ ಹಿಡಿದು ಮೇಲಕ್ಕೆ ದಾಟಿಸುವುದು ಅದರ ಕೆಲಸ.

ಜಯಂತಿಯ ಗಂಡ ಮಾಧವಣ್ಣ ಮೆಟ್ಟಿಲ ಲೈಟ್ ಹಾಕಿ, “ಜಾಗ್ರತೆ ಅಕ್ಕ, ಮೂರನೆಯ ಮೆಟ್ಟಿಲು ಸ್ವಲ್ಪ ಎತ್ತರ ಉಂಟು,” ಎಂದರು. ಮೇಲೆ ಹೋಗಿ ಕೂತು, ಚಹಾ ಕುಡಿದು, ಫೋನಿನ ಮೀಟರಿನಲ್ಲಿ ಅಳೆದೆ. ಮೈನಸ್ ಐವತ್ತೆರಡು. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ಐವತ್ತೆರಡು ಎಂದರೆ ಫಸ್ಟ್ ಕ್ಲಾಸ್. ಹದಿನೈದೇ ನಿಮಿಷದಲ್ಲಿ ತೀರ್ಪು ಕೊಟ್ಟೆ: “ನೆಟ್ ಪರ್ಫೆಕ್ಟ್ ಆಗಿದೆ. ಲ್ಯಾಪ್‌ಟಾಪ್ ತೋರಿಸಿ.”

ನಮ್ರತಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಯಂತಿ, “ಕೇಳಿದಿಯಾ? ಎಕ್ಸ್‌ಚೇಂಜಿನವರೇ ಹೇಳಿದರು,” ಎಂದಳು. ಹುಡುಗಿ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದಳು.

ಹತ್ತು ದಿನದ ಮೇಲೆ ನಮ್ರತಾಳೇ ಫೋನ್ ಮಾಡಿದಳು. “ಆಂಟಿ, ಆಫೀಸಿನವರು ಲ್ಯಾಪ್‌ಟಾಪ್ ಬದಲಾಯಿಸಿ ಕೊಟ್ರು. ಆದ್ರೂ ಹೋಗುತ್ತೆ. ಶುಕ್ರವಾರ ಹನ್ನೊಂದಕ್ಕೆ ಕ್ಲೈಂಟ್ ಕಾಲ್ ಇದೆ. ಅದೂ ಕಟ್ಟಾದ್ರೆ ಈ ಪ್ರಾಜೆಕ್ಟಿಂದ ತೆಗೀತೀವಿ ಅಂತ ಮ್ಯಾನೇಜರ್ ಹೇಳಿದ್ದಾರೆ. ನೀವು ಬಂದು ಹೋದ ಮೇಲೆ ಇಲ್ಲಿ ಏನು ಹೇಳ್ತಿದಾರೆ ಗೊತ್ತಾ? ಕೆಲಸ ತಪ್ಪಿಸಿಕೊಳ್ಳೋಕೆ ನಾನೇ ಆಫ್ ಮಾಡ್ತೀನಂತೆ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಮರುದಿನ ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ಅವಳ ಕೋಣೆಯಲ್ಲಿ ಕೂತೆ. “ನಾನು ಇದ್ದೇನೆ ಎನ್ನುವುದನ್ನು ಮರೆತುಬಿಡಿ,” ಎಂದು ಕೆಳಗೆ ಹೇಳಿ ಬಂದಿದ್ದೆ. ಬಾಗಿಲು ಮುಚ್ಚಿತ್ತು. ನಮ್ರತಾ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ ಲೆಕ್ಕದ ಹಾಳೆ ವಿವರಿಸುತ್ತಿದ್ದಳು. ನನ್ನ ಮೀಟರಿನಲ್ಲಿ ಐವತ್ತೆರಡು, ಐವತ್ತೊಂದು, ಐವತ್ತಮೂರು.

ಹತ್ತು ಗಂಟೆಯ ಸುಮಾರಿಗೆ ಬಾಗಿಲ ಕೆಳಗಿನ ಸಂದಿಯಲ್ಲಿದ್ದ ಬೆಳಕಿನ ಗೆರೆ ಮಾಯವಾಯಿತು. ಅದೇ ಕ್ಷಣಕ್ಕೆ ಮೀಟರ್ ಮೈನಸ್ ಎಂಬತ್ತಾರಕ್ಕೆ ಬಿತ್ತು. ನಮ್ರತಾ ಹೆಡ್‌ಫೋನ್ ತೆಗೆದು ನನ್ನತ್ತ ತಿರುಗಿದಳು. “ಹೋಯ್ತು, ಆಂಟಿ.”

ಬಾಗಿಲು ತೆರೆದರೆ ಮೆಟ್ಟಿಲೆಲ್ಲ ಕತ್ತಲು. ಹಲಗೆಯ ಮೇಲಿನ ನೋಡಿನ ಹಸಿರು ದೀಪವೂ ಸತ್ತಿತ್ತು. ಕೆಳಗೆ, ಹಾಲಿನಿಂದ ಬಂದ ಬೆಳಕಿನಲ್ಲಿ, ಮಾಧವಣ್ಣನ ಕೈ ಇನ್ನೂ ಸ್ವಿಚ್ಚಿನ ಮೇಲಿತ್ತು.

“ಯಾರೂ ಇಲ್ಲದ ಕಡೆ ಲೈಟ್ ಉರಿಯುವುದು ನೋಡಿದರೆ ನನಗೆ ಆಗುವುದಿಲ್ಲ ಅಕ್ಕ,” ಎಂದರು. ನಲವತ್ತು ವರ್ಷ ಶಹಾಡ್ ಸ್ಟೇಶನ್ ಹತ್ತಿರ ಹೋಟೆಲ್ ನಡೆಸಿದವರು. ಗಿರಾಕಿ ಎದ್ದ ಮೇಜಿನ ಮೇಲಿನ ಫ್ಯಾನ್ ನಿಲ್ಲಿಸುತ್ತ ನಿಲ್ಲಿಸುತ್ತ ಅದು ಅವರ ಕೈಯ ಅಭ್ಯಾಸವೇ ಆಗಿತ್ತು.

ಎಲೆಕ್ಟ್ರಿಶಿಯನ್ನನ್ನು ಕರೆಸಿ ಲ್ಯಾಂಡಿಂಗಿನ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಬಿಚ್ಚಿಸಿದೆ. ಮೊದಲು ಬಿದ್ದದ್ದು ಗುಟ್ಕಾ ಚೀಟಿಗಳು. ಆಮೇಲೆ ತುಂಡು ವೈರು, ಬಿಸ್ಕಿಟ್ ಕವರು, ಜಿರಳೆಯ ಹಿಕ್ಕೆ. ಅದರ ನಡುವೆ ಆ ಇನ್‌ಸ್ಟಾಲರ್ ನೋಡಿನ ವೈರನ್ನು ಮೆಟ್ಟಿಲ ಬಲ್ಬಿನ ವೈರಿಗೆ ಬರಿಗೈಯಲ್ಲಿ ತಿರುಚಿ ಬಿಟ್ಟಿದ್ದ. ಮೇಲೊಂದು ಟೇಪ್ ಕೂಡ ಸುತ್ತಿರಲಿಲ್ಲ. ಲೈಟ್ ಹಾಕಿದರೆ ನೋಡ್ ಬದುಕುತ್ತದೆ, ಆರಿಸಿದರೆ ಸಾಯುತ್ತದೆ. ಮತ್ತೆ ಲೈಟ್ ಹಾಕಿದರೂ ಎದ್ದೇಳಲು ಅದಕ್ಕೆ ಎರಡು ಮೂರು ನಿಮಿಷ ಬೇಕು. ಹಾಗಾಗಿ ಲೈಟಿಗೂ ನೆಟ್ಟಿಗೂ ಸಂಬಂಧವಿದೆಯೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪರೀಕ್ಷಿಸಲು ಬಂದವರೆಲ್ಲ ಲೈಟ್ ಹಾಕಿಕೊಂಡೇ ಹತ್ತುತ್ತಿದ್ದರು. ನಾವು ಇದ್ದಷ್ಟು ಹೊತ್ತು ಎಲ್ಲ ಸರಿ.

ನಮ್ಮ ಎಕ್ಸ್‌ಚೇಂಜಿನಲ್ಲಿ ಸಾವಿರಾರು ತಂತಿಗಳನ್ನು ಮೇಣದ ದಾರದಿಂದ ಜಡೆ ಹೆಣೆದ ಹಾಗೆ ಕಟ್ಟುತ್ತಿದ್ದೆವು. ಒಂದು ಗಂಟು ಓರೆಯಾದರೆ ಬಿಚ್ಚಿಸಿ ಮತ್ತೆ ಕಟ್ಟಿಸುವವರಿದ್ದರು. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳೂ ಹಾಗೆಯೇ, ಮಾರ್ಜಿನ್ ಸೊಟ್ಟಗಾದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಆ ಶಿಸ್ತನ್ನು ಆಗ ಬೈದುಕೊಂಡವಳೇ ನಾನು. ಆ ಕಸದ ಗೂಡಿನ ಫೋಟೋ ತೆಗೆದುಕೊಂಡೆ. ಇನ್‌ಸ್ಟಾಲರನಿಗೆ ಫೋನ್ ಹಚ್ಚಿದೆ. ಸ್ವಲ್ಪವೂ ಅಳುಕಲಿಲ್ಲ ಆ ಮನುಷ್ಯ. “ಅರೇ ಮೇಡಂ, ಲೈಟ್ ಚಾಲೂ ರಖೋ ನಾ. ಕ್ಯಾ ಪ್ರಾಬ್ಲೆಮ್ ಹೈ?”

ಲೈಟ್ ಹಾಕಿಯೇ ಇಡಬೇಕಂತೆ! ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮೂರು ಸಲ ಬಂದು, ಇದೇ ಮೆಟ್ಟಿಲು ಹತ್ತಿ, “ಮೇಡಂ ಕಾ ಲ್ಯಾಪ್‌ಟಾಪ್ ಖರಾಬ್ ಹೈ” ಎಂದು ಹೇಳಿ ಹೋಗಿದ್ದ. ಥೂ ಎನಿಸಿತು. ಮರುಗಳಿಗೆಯಲ್ಲೇ, ಅದೇ ಮೆಟ್ಟಿಲು ಹತ್ತಿ ಅದೇ ಮಾತು ಹೇಳಿದ್ದವಳು ನಾನೂ ಹೌದಲ್ಲ ಎಂದು ನೆನಪಾಯಿತು. ಆ ‘ಥೂ’ ನನ್ನ ಮುಖಕ್ಕೇ ಬಂದು ಬಿತ್ತು.

ಮಧ್ಯಾಹ್ನದೊಳಗೆ ನೋಡಿಗೆ ಬೇರೆ ಲೈನ್ ಎಳೆಸಿದೆ. ಶುಕ್ರವಾರವೂ ಹೋಗಿ ಲ್ಯಾಂಡಿಂಗಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹನ್ನೊಂದೂ ಹತ್ತಕ್ಕೆ ಮಾಧವಣ್ಣ ರೂಢಿಯಂತೆ ಲೈಟ್ ಆರಿಸಿದರು. ಕತ್ತಲಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು. ಮೇಲಿನಿಂದ ನಮ್ರತಾಳ ಮಾತು ಒಂದು ಗಂಟೆ ಕಾಲ ಎಲ್ಲೂ ಕಡಿಯದೆ ಕೇಳಿಸಿತು.

ಜಯಂತಿ ಸಿಹಿಗೆಂದು ಶಿರಾ ಮಾಡಿದ್ದಳು. “ಅಂತೂ ನೆಟ್ ಸರಿ ಆಯಿತಲ್ಲ, ಇನ್ನು ಅದರ ಸುದ್ದಿ ಬೇಡ,” ಎಂದು ತಟ್ಟೆ ಮುಂದಿಟ್ಟಳು. ನಮ್ರತಾ ಕೆಳಗಿಳಿದು ಬಂದು ಮೂಲೆಯಲ್ಲಿ ನಿಂತಿದ್ದಳು. ಇಷ್ಟು ದಿನ ಸುಳ್ಳುಗಾತಿ ಅನ್ನಿಸಿಕೊಂಡವಳಿಗೆ ಯಾರೂ ಒಂದು ಮಾತೂ ಹೇಳಲಿಲ್ಲ. ನಾನು ಶಿರಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

“ಸುದ್ದಿ ಬೇಕು ಜಯಂತಿ,” ಎಂದೆ. “ಈ ಮನೆಯಲ್ಲಿ ನಿಜ ಹೇಳಿದವಳು ಇವಳೊಬ್ಬಳೇ. ನೋಡದೆ ಮಾತಾಡಿದವಳು ನಾನು. ಐ ಆ್ಯಮ್ ಸಾರಿ, ನಮ್ರತಾ.”

ಮಾಧವಣ್ಣ ಚಮಚ ಕೆಳಗಿಟ್ಟರು. ಸೊಸೆಯತ್ತ ತಿರುಗಿ, “ಆರಿಸಿದ್ದು ನಾನೇ ಅಲ್ಲವಾ ಮಗಾ,” ಎಂದರು. ಜಯಂತಿ ಎದ್ದು ಒಳಗೆ ಹೋದಳು.

ನಮ್ಮ ಕಾಲದಲ್ಲಿ ದೂರಿನ ಚೀಟಿ, ಅಂದರೆ ಡಾಕೆಟ್, ಮುಚ್ಚುವಾಗ ಅದರ ಮೇಲೆ ‘ಎನ್‌ಎಫ್‌ಎಫ್’ ಎಂದು ಬರೆಯುತ್ತಿದ್ದೆವು: ನೋ ಫಾಲ್ಟ್ ಫೌಂಡ್. ದೋಷವಿಲ್ಲ ಎಂದು ಅದರ ಅರ್ಥವಲ್ಲ, ನಮಗೆ ಸಿಗಲಿಲ್ಲ ಎಂದಷ್ಟೇ. ಆ ಮೂರಕ್ಷರ ಬರೆಯುವ ಮೊದಲು ದೂರು ಕೊಟ್ಟವರ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಒಂದು ಬೆಳಗಾದರೂ ಕೂರಬೇಕು. ಇದನ್ನು ಕಲಿಯಲು ನಾನು ನಿವೃತ್ತಳಾಗಬೇಕಾಯಿತು. ಮೂವತ್ತೊಂದು ವರ್ಷದಲ್ಲಿ ಎಷ್ಟು ಡಾಕೆಟ್‌ಗಳ ಮೇಲೆ ನನ್ನ ಚಂದದ ಕಾನ್ವೆಂಟ್ ಅಕ್ಷರದಲ್ಲಿ ಎನ್‌ಎಫ್‌ಎಫ್ ಎಂದು ಬರೆದು ಸಹಿ ಹಾಕಿದ್ದೆನೋ ಲೆಕ್ಕವಿಲ್ಲ. ನಾನು ಮೆಟ್ಟಿಲಿಳಿದು ಹೋದ ಮೇಲೆ ಆ ಮನೆಗಳಲ್ಲಿ ಯಾರು ಯಾರು ಏನೇನು ಅನ್ನಿಸಿಕೊಂಡರೋ.